ಯುದ್ಧದಲ್ಲಿ ಗಾಯಗೊಂಡ ಸೈನಿಕ ಮನೆಗೆ ಬಂದಾಗ: ಕಾಗದ, ಪಿಂಚಣಿ, ಆರೈಕೆ

ಫೋನ್ ಬಂದ ದಿನ ಯಾರಿಗೂ ಕಾಗದದ ಯೋಚನೆ ಬರುವುದಿಲ್ಲ. ಜೀವ ಇದೆ ಅಂತ ಗೊತ್ತಾದರೆ ಸಾಕು ಅನ್ನಿಸುತ್ತದೆ. ಹಾಸನದ ನಮ್ಮ ಮನೆಗೂ ಹಾಗೆಯೇ ಒಂದು ಫೋನ್ ಬಂದಿತ್ತು. ಕಾಶ್ಮೀರದಲ್ಲಿ ಗಸ್ತಿಗೆ ಹೋಗಿದ್ದಾಗ ನೆಲಬಾಂಬ್ ಸಿಡಿದು ತಮ್ಮನ ಎಡಪಾದ ಹೋಯಿತು. ದೇವರ ಕೋಣೆಯಲ್ಲಿ ಕೂತ ಅವ್ವ ಎದ್ದಿದ್ದು ಅವನ ದನಿ ಕೇಳಿದ ಮೇಲೆಯೇ. ಆಮೇಲಿನ ವರ್ಷಗಳಲ್ಲಿ ಅವನ ಫೈಲು ಹಿಡಿದುಕೊಂಡು ಓಡಾಡಿದವಳು ನಾನು. ಆಗ ಯಾರೂ ನನಗೆ ಹೇಳದೆ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಿಂದ ಹುಡುಗರು ಸೇನೆಗೆ ಹೋಗುತ್ತಾರೆ, ನಿಮ್ಮ ಮನೆಗೆ ಇದು ಬೇಕಾಗದಿರಲಿ, ಆದರೆ ಪಕ್ಕದ ಮನೆಗೆ ಬೇಕಾಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಯಗೊಂಡವನಿಗೆ ಸಿಗುವ ಹಣ ಯಾರ ಕೃಪೆಯೂ ಅಲ್ಲ. ಅವನು ಕೆಲಸ ಮಾಡುವಾಗ ಕಳೆದುಕೊಂಡದ್ದಕ್ಕೆ ಬರಬೇಕಾದ ಬಾಕಿ ಅದು. ಕೌಂಟರಿನ ಮುಂದೆ ನಿಂತಾಗ ಈ ಭಾವನೆ ಇದ್ದರೆ ದನಿ ಗಟ್ಟಿಯಾಗಿರುತ್ತದೆ.

ಗಾಯ ಹೇಗಾಯಿತು ಅನ್ನುವ ಒಂದು ಸಾಲು

ಎಲ್ಲದಕ್ಕಿಂತ ದೊಡ್ಡ ವಿಷಯ ಇದೇ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಗಾಯವಾದ ಮೇಲೆ ಯೂನಿಟ್‌ನಲ್ಲಿ ಇಂಜುರಿ ರಿಪೋರ್ಟ್ ಬರೆಯುತ್ತಾರೆ. ಅಗತ್ಯ ಬಿದ್ದರೆ ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯೊಳಗಿನ ವಿಚಾರಣೆ, ನಡೆಯುತ್ತದೆ. ಆಮೇಲೆ ಪಾರ್ಟ್ ಟು ಆರ್ಡರ್, ಅಂದರೆ ಅವನ ಸೇವಾ ದಾಖಲೆಗೆ ಸೇರುವ ಆದೇಶ, ಹೊರಡುತ್ತದೆ. ಅದರಲ್ಲಿ ‘ಬ್ಯಾಟಲ್ ಕ್ಯಾಶುಯಲ್ಟಿ’ (ಯುದ್ಧ, ಕಾರ್ಯಾಚರಣೆಯಲ್ಲಿ ಆದ ಗಾಯ) ಅಂತ ಬರೆದಿದ್ದಾರೋ ‘ಫಿಸಿಕಲ್ ಕ್ಯಾಶುಯಲ್ಟಿ’ (ಬೇರೆ ಕಾರಣದಿಂದ ಆದ ಗಾಯ) ಅಂತ ಬರೆದಿದ್ದಾರೋ ಅನ್ನುವುದರ ಮೇಲೆ ಮುಂದಿನ ನಲವತ್ತು ವರ್ಷದ ಪಿಂಚಣಿ ನಿಂತಿರುತ್ತದೆ.

ಯಾಕೆ ಅಂದರೆ, ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶದಲ್ಲಿ ಸಾವು ಮತ್ತು ಅಂಗವೈಕಲ್ಯಗಳನ್ನು ಎ ಇಂದ ಇ ವರೆಗೆ ಐದು ಕೆಟಗರಿ ಮಾಡಿದ್ದಾರೆ. ಸೇವೆಯಿಂದ ಬಂದ ಕಾಯಿಲೆ ಬಿ. ಡ್ಯೂಟಿಯಲ್ಲಿದ್ದಾಗಿನ ಅಪಘಾತ ಸಿ. ಶತ್ರುವಿನ ದಾಳಿ, ಯುದ್ಧದಂಥ ಸನ್ನಿವೇಶ, ಮೈನ್ ಸಿಡಿತ, ಸರ್ಕಾರ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸಿದ ಕಾರ್ಯಾಚರಣೆ, ಇವೆಲ್ಲ ಇ. ಇ ಕೆಟಗರಿಯವರಿಗೆ ಬರುವುದು ವಾರ್ ಇಂಜುರಿ ಪೆನ್ಶನ್. ಬಿ, ಸಿ ಕೆಟಗರಿಯವರಿಗೆ ಮಾಮೂಲಿ ಡಿಸಬಿಲಿಟಿ ಪೆನ್ಶನ್.

ವ್ಯತ್ಯಾಸ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಪಿಂಚಣಿಗೆ ಲೆಕ್ಕ ಹಿಡಿಯುವ ಕೊನೆಯ ಸಂಬಳ 40,000 ರೂಪಾಯಿ ಅಂದುಕೊಳ್ಳಿ. ಗಾಯದ ಕಾರಣಕ್ಕೆ ಅವಧಿಗೆ ಮುಂಚೆಯೇ ಬೋರ್ಡ್ ಔಟ್ ಮಾಡಿದ್ದಾರೆ, ಅಂದರೆ ಮೆಡಿಕಲ್ ಬೋರ್ಡ್ ಮಾಡಿ ಮನೆಗೆ ಕಳಿಸಿದ್ದಾರೆ, ಪಿಂಚಣಿಗೆ ಕೊನೆಗೆ ಹಿಡಿದ ಅಂಗವೈಕಲ್ಯ ಶೇ 50. ಸರ್ವೀಸ್ ಎಲಿಮೆಂಟ್, ಅಂದರೆ ಸೇವೆಗಾಗಿ ಸಿಗುವ ಭಾಗ, ಸಂಬಳದ ಅರ್ಧ, 20,000. ಇದು ಎರಡೂ ಕಡೆ ಒಂದೇ. ಅದರ ಮೇಲೆ ಬರುವ ಭಾಗದಲ್ಲಿ ಇರುವುದು ವ್ಯತ್ಯಾಸ. ಮಾಮೂಲಿ ಡಿಸಬಿಲಿಟಿ ಎಲಿಮೆಂಟ್ ಪೂರ್ತಿ ಶೇ 100ಕ್ಕೆ ಸಂಬಳದ ಶೇ 30 ಮಾತ್ರ. ಹಾಗಾಗಿ ಶೇ 50ಕ್ಕೆ ಸಿಗುವುದು 6,000. ವಾರ್ ಇಂಜುರಿ ಎಲಿಮೆಂಟ್ ಶೇ 100ಕ್ಕೆ ಸಂಬಳದಷ್ಟೇ. ಶೇ 50ಕ್ಕೆ 20,000. ಅದೇ ಕಾಲು, ಅದೇ ನೋವು. ಒಂದು ಸಾಲು ಬೇರೆ ಬರೆದಿದ್ದಕ್ಕೆ ತಿಂಗಳಿಗೆ 14,000 ರೂಪಾಯಿ ಹೋಯಿತು. ತುಟ್ಟಿಭತ್ಯೆ ಬೇರೆ.

ನಮಗೆ ಗೊತ್ತಿರುವ ಒಬ್ಬ ಹುಡುಗ ಕಾರ್ಯಾಚರಣೆಯ ನಡುವೆ ಗುಂಡಿನ ಸದ್ದಿಗೆ ಮರೆ ಹುಡುಕಿ ಬಂಡೆಯಿಂದ ಹಾರಿ ಮಂಡಿ ಮುರಿದುಕೊಂಡ. ಕಾಗದದಲ್ಲಿ ‘ಜಾರಿ ಬಿದ್ದು ಗಾಯ’ ಅಂತಷ್ಟೇ ಬಂತು. ಗುಂಡಿನ ಮಾತೇ ಇಲ್ಲ. ಅವನು ಆಸ್ಪತ್ರೆಯ ಹಾಸಿಗೆಯಲ್ಲಿ, ಕಾಗದ ಬರೆದವರು ಬೇರೆ ಕಡೆ. ಯಾರೂ ಬೇಕಂತ ಮಾಡಿದ್ದಲ್ಲದಿರಬಹುದು, ಆದರೆ ಅನುಭವಿಸುತ್ತಿರುವವನು ಅವನು.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಅವನಿಗೆ ಮಾತಾಡುವಷ್ಟು ಶಕ್ತಿ ಬಂದ ಕೂಡಲೇ, ಏನಾಯಿತು ಅಂತ ಅವನ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ತಾರೀಖು, ಜಾಗ, ಆ ಕಾರ್ಯಾಚರಣೆಯ ಹೆಸರು, ಜೊತೆಗಿದ್ದವರು ಯಾರು, ಎಲ್ಲವೂ. ಫೋನಿನಲ್ಲಿ ರೆಕಾರ್ಡ್ ಮಾಡುವುದಕ್ಕಿಂತ ಕೈಯಲ್ಲಿ ಬರೆದು ಅವನ ಸಹಿ ಹಾಕಿಸುವುದು ಒಳ್ಳೆಯದು. ಜೊತೆಗಿದ್ದವರ ಹೆಸರು ತುಂಬಾ ಮುಖ್ಯ. ಎರಡು ವರ್ಷದ ನಂತರ ಅವರೆಲ್ಲ ಬೇರೆ ಬೇರೆ ಕಡೆ ಪೋಸ್ಟಿಂಗ್ ಆಗಿರುತ್ತಾರೆ, ಹುಡುಕುವುದು ಕಷ್ಟ. ಆಮೇಲೆ ಯೂನಿಟ್‌ನಿಂದ ಪಾರ್ಟ್ ಟು ಆರ್ಡರ್ ಮತ್ತು ಇಂಜುರಿ ರಿಪೋರ್ಟ್‌ನ ಪ್ರತಿ ತರಿಸಿಕೊಳ್ಳಿ. ತಪ್ಪಿದ್ದರೆ ಆಗಲೇ, ಅವನಿನ್ನೂ ಸೇವೆಯಲ್ಲಿರುವಾಗಲೇ, ಬರವಣಿಗೆಯಲ್ಲಿ ತಿದ್ದುಪಡಿ ಕೇಳಿ.

ಎದುರಿಗೆ ಶತ್ರು ಇರಲೇಬೇಕು ಅಂತಲೂ ಇಲ್ಲ. ಗಡಿ ನಿಯಂತ್ರಣ ರೇಖೆಯಲ್ಲಿ ಗಸ್ತು ತಿರುಗುವಾಗ ಭೀಕರ ಹವಾಮಾನದಿಂದ ಸತ್ತ ಸೈನಿಕನ ಹೆಂಡತಿಗೆ ಹೆಚ್ಚಿನ ಪಿಂಚಣಿ ಕೊಡಬೇಕೆಂಬ ತೀರ್ಪನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಹೆಣ್ಣುಮಗಳನ್ನು ಅಷ್ಟು ದೂರ ಎಳೆದಿದ್ದಕ್ಕೆ ಸರ್ಕಾರಕ್ಕೆ 50,000 ರೂಪಾಯಿ ದಂಡವೆಚ್ಚವನ್ನೂ ಹಾಕಿತು.

ಮೆಡಿಕಲ್ ಬೋರ್ಡ್ ಮುಂದೆ

ಚಿಕಿತ್ಸೆ ಮುಗಿದ ಮೇಲೆ ಲೋ ಮೆಡಿಕಲ್ ಕೆಟಗರಿ ಕೊಟ್ಟು ಬೇರೆ ಕೆಲಸದಲ್ಲಿ ಉಳಿಸಿಕೊಳ್ಳಬಹುದು, ಇಲ್ಲವೇ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ ಮಾಡಿ ಮನೆಗೆ ಕಳಿಸಬಹುದು. ಬೋರ್ಡ್ ಎರಡು ವಿಷಯ ಹೇಳುತ್ತದೆ. ಗಾಯ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಹೆಚ್ಚಾದದ್ದೇ, ಮತ್ತು ಶೇಕಡಾ ಎಷ್ಟು.

ನಮ್ಮಲ್ಲಿ ಆದ ತಪ್ಪು ಇಲ್ಲೇ ಆಯಿತು. ಎಲ್ಲರ ಕಣ್ಣೂ ಕಾಲಿನ ಮೇಲಿತ್ತು. ಬಲಗಿವಿ ಸರಿಯಾಗಿ ಕೇಳುತ್ತಿಲ್ಲ ಅನ್ನುವುದನ್ನು ತಮ್ಮನೂ ಹೇಳಲಿಲ್ಲ, ಅವರೂ ಬರೆಯಲಿಲ್ಲ. ಇದ್ದ ಕಾಲೇ ಹೋಗಿರುವಾಗ ಕಿವಿ ಯಾವ ಲೆಕ್ಕ ಅಂತ ಅವನು ಅಂದುಕೊಂಡಿದ್ದ. ಮನೆಗೆ ಬಂದ ಮೇಲೆ ಟಿವಿ ಸದ್ದು ಏರಿಸಿ ಏರಿಸಿ ಇಡುತ್ತಿದ್ದಾಗ ನನಗೆ ಗೊತ್ತಾಯಿತು. ಸ್ಫೋಟದ ಹತ್ತಿರ ಇದ್ದವರ ಕಿವಿಯ ತಮಟೆ, ಕಣ್ಣು, ತಲೆ, ನಿದ್ದೆ, ಎಲ್ಲವನ್ನೂ ಬೋರ್ಡಿಗೆ ಮುಂಚೆಯೇ ಪರೀಕ್ಷೆ ಮಾಡಿಸಬೇಕು. ಇರುವ ಎಲ್ಲ ತೊಂದರೆಯನ್ನೂ ಬರೆಸಬೇಕು. ಹಲವು ತೊಂದರೆ ಇದ್ದರೆ ಒಟ್ಟು ಶೇಕಡಾವಾರು ನಿಗದಿ ಮಾಡುತ್ತಾರೆ, ಅದು ಬರೀ ಕೂಡುವ ಲೆಕ್ಕ ಅಲ್ಲ, ಆದರೂ ಏರುತ್ತದೆ.

ಏರಿದರೆ ಏನಾಗುತ್ತದೆ? ಬೋರ್ಡ್ ಔಟ್ ಆದವರಿಗೆ ಬ್ರಾಡ್ ಬ್ಯಾಂಡಿಂಗ್ ಅಂತ ಒಂದಿದೆ. 50ಕ್ಕಿಂತ ಕಡಿಮೆ ಬಂದರೆ 50 ಅಂತ ಹಿಡಿಯುತ್ತಾರೆ. 50ರಿಂದ 75ರವರೆಗೆ ಬಂದರೆ 75. 76ರಿಂದ ಮೇಲೆ ಬಂದರೆ 100. ತಮ್ಮನಿಗೆ ಕಾಲಿನದು ಮಾತ್ರ ಹಿಡಿದಾಗ 50ರ ಕೆಳಗಿತ್ತು. ಅಪೀಲಿನಲ್ಲಿ ಮತ್ತೆ ಬೋರ್ಡ್ ಆಗಿ ಕಿವಿಯೂ ಸೇರಿದ ಮೇಲೆ 50 ದಾಟಿತು, ಹಾಗಾಗಿ ಪಿಂಚಣಿ 75ರ ಲೆಕ್ಕಕ್ಕೆ ಬಂತು. ಅವನು ಬೋರ್ಡ್ ಮುಂದೆ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ. ನಮ್ಮ ಹುಡುಗರಿಗೆ ನೋವು ಹೇಳಿಕೊಳ್ಳಬಾರದು ಅಂತ ಕಲಿಸಿರುತ್ತಾರೆ. ಬೋರ್ಡಿನ ದಿನ ಮಾತ್ರ ಹೇಳಲೇಬೇಕು ಅಂತ ಮನೆಯವರು ಮೊದಲೇ ಕೂರಿಸಿಕೊಂಡು ಹೇಳಿ.

ಸಹಿ ಹಾಕುವ ಮುಂಚೆ ಪ್ರತಿಯೊಂದು ಕಾಗದ ಓದಲಿ. ‘ಸ್ವಂತ ಕೋರಿಕೆಯ ಮೇಲೆ’, ‘ಮುಂದುವರಿಯಲು ಇಷ್ಟವಿಲ್ಲ’ ಅನ್ನುವ ಪದ ಕಂಡರೆ ನಿಲ್ಲಲಿ, ಕೇಳಲಿ. ಬೋರ್ಡ್ ಔಟ್ ಆದವನಿಗೆ ವಾರ್ ಇಂಜುರಿ ಎಲಿಮೆಂಟ್ ಶೇ 100ಕ್ಕೆ ಸಂಬಳದಷ್ಟು ಇದ್ದರೆ, ಸೇವೆಯಲ್ಲಿ ಮುಂದುವರಿದು ನಿವೃತ್ತನಾದವನಿಗೆ ಅದು ಸಂಬಳದ ಶೇ 60. ಹಾಗೆ ಮುಂದುವರಿಯುವವರಿಗೆ ಒಂದೇ ಸಲ ಇಡಿಗಂಟು ತೆಗೆದುಕೊಳ್ಳುವ ಆಯ್ಕೆಯನ್ನೂ ಕೊಡುತ್ತಾರೆ. ಮನೆ ಕಟ್ಟಬೇಕು, ತಂಗಿ ಮದುವೆ ಇದೆ ಅಂತ ಆ ಇಡಿಗಂಟಿಗೆ ಮನಸ್ಸು ಹೋಗುತ್ತದೆ. ಆದರೆ ಅದಕ್ಕೆ ಸಹಿ ಹಾಕಿದರೆ ಮುಂದೆ ತಿಂಗಳ ಎಲಿಮೆಂಟ್ ಬಿಟ್ಟಂತೆ. ಮೂವತ್ತು ವರ್ಷದ ಹುಡುಗನಿಗೆ ತಿಂಗಳ ಹಣವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಅಂಗವೈಕಲ್ಯ ಪಿಂಚಣಿಗೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಹೊರಬಂದವರಿಗೆ ಹಳೆಯ ನಿಯಮವೇ. ನಿಮಗೆ ಬಂದ ಪತ್ರದಲ್ಲಿ ಯಾವ ನಿಯಮದ ಹೆಸರು ಬರೆದಿದ್ದಾರೆ ಅಂತ ನೋಡುವುದನ್ನು ಮರೆಯಬೇಡಿ.

ಅಗ್ನಿವೀರರ ಮಾತು

ನಾಲ್ಕು ವರ್ಷಕ್ಕೆ ಅಂತ ಸೇನೆಗೆ ಸೇರುವ ಇವರ ಲೆಕ್ಕವೇ ಬೇರೆ. ಸೇವೆಯಿಂದ ಆದ ಅಂಗವೈಕಲ್ಯಕ್ಕೆ ಒಂದೇ ಸಲದ ಪರಿಹಾರ: ಶೇ 100 ಇದ್ದರೆ 44 ಲಕ್ಷ, 75 ಇದ್ದರೆ 25 ಲಕ್ಷ, 50 ಇದ್ದರೆ 15 ಲಕ್ಷ. ಜೊತೆಗೆ ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಸಂಬಳ ಮತ್ತು ಸೇವಾ ನಿಧಿ ಅನ್ನುವ ಉಳಿತಾಯದ ಗಂಟು. ತಿಂಗಳ ಪಿಂಚಣಿ ಇಲ್ಲ. ಇಪ್ಪತ್ತೊಂದು ವರ್ಷಕ್ಕೆ ಕಾಲು ಕಳೆದುಕೊಂಡವನು ಇನ್ನೂ ಐವತ್ತು ವರ್ಷ ಬದುಕಬೇಕು ಅಲ್ವಾ? ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಅದೇ ಮೈನು ಪಕ್ಕದಲ್ಲಿದ್ದ ಹಳೆಯ ಸಿಪಾಯಿಗೆ ಒಂದು ತರ, ಇವನಿಗೆ ಒಂದು ತರ ಅಂತ ಸಿಡಿಯುವುದಿಲ್ಲ. ಆದರೆ ಸದ್ಯ ಇರುವುದು ಇದು. ಹಾಗಾಗಿ ಇವರ ವಿಷಯದಲ್ಲಿ ಶೇಕಡಾವಾರು ಇನ್ನೂ ಮುಖ್ಯ. ಮೇಲೆ ಹೇಳಿದ ಹಾಗೆ ಎಲ್ಲ ಗಾಯವನ್ನೂ ಬರೆಸಿ.

ಪಿಂಚಣಿಯ ಹೊರಗೆ ಬರುವ ಹಣ

ಆರ್ಮಿ ಗ್ರೂಪ್ ಇನ್ಶೂರೆನ್ಸ್‌ಗೆ ಅವನ ಸಂಬಳದಿಂದ ಪ್ರತಿ ತಿಂಗಳು ಹಿಡಿದಿರುತ್ತಾರೆ. ಅದರ ಅಂಗವೈಕಲ್ಯದ ಕ್ಲೇಮ್ ಬೇರೆ, ಪಿಂಚಣಿ ಬೇರೆ. ಸಂಬಳದ ಖಾತೆ ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್ ಆಗಿದ್ದರೆ ಬ್ಯಾಂಕಿನ ಅಪಘಾತ ವಿಮೆಯೂ ಇರುತ್ತದೆ, ಅದಕ್ಕೆ ಗಡುವು ಇರುವುದರಿಂದ ಬೇಗ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಶೇ 100 ಅಂಗವೈಕಲ್ಯ ಇದ್ದು ಇನ್ನೊಬ್ಬರ ನೆರವಿಲ್ಲದೆ ಇರಲಾಗದವರಿಗೆ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋವೆನ್ಸ್ ಇದೆ. 2017ರಲ್ಲಿ ಅದನ್ನು ತಿಂಗಳಿಗೆ 6,750 ರೂಪಾಯಿ ಮಾಡಿದರು, ತುಟ್ಟಿಭತ್ಯೆ ಶೇ 50 ಏರಿದಾಗೆಲ್ಲ ಅದು ಶೇ 25 ಏರುತ್ತದೆ. ಬೋರ್ಡ್ ಶಿಫಾರಸು ಮಾಡಿದರೆ ಮಾತ್ರ ಸಿಗುತ್ತದೆ. ಬೋರ್ಡ್ ಔಟ್ ಆದವರ ಅಂಗವೈಕಲ್ಯ ಪಿಂಚಣಿಗೆ ಆದಾಯ ತೆರಿಗೆ ಇಲ್ಲ, ಎರಡೂ ಎಲಿಮೆಂಟಿಗೆ. ಸುಮ್ನೆ ಟಿಡಿಎಸ್ ಹಿಡಿದಿದ್ದರೆ ಕೇಳಿ.

ಹಾಸನದಲ್ಲಿ ಎಲ್ಲಿಗೆ ಹೋಗಬೇಕು

ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಮಾಜಿ ಸೈನಿಕರ ಗುರುತಿನ ಚೀಟಿ, ರಾಜ್ಯ ಸರ್ಕಾರದ ನೆರವಿನ ಅರ್ಜಿ, ಜಮೀನು ಮಂಜೂರಾತಿಗೆ ಬೇಕಾಗುವ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ, ಎಲ್ಲ ಇಲ್ಲಿಂದಲೇ ಶುರು. ಹೋಗುವಾಗ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಾದ ಆದೇಶ), ಬೋರ್ಡಿನ ಪ್ರತಿ, ಆಧಾರ್, ಪಾಸ್‌ಬುಕ್, ಫೋಟೊ ಇರಲಿ. ಪ್ರತಿಯೊಂದಕ್ಕೂ ಮೂರು ಜೆರಾಕ್ಸ್. ಅರಕಲಗೂಡಿನಿಂದಲೋ ಸಕಲೇಶಪುರದಿಂದಲೋ ಬಸ್ಸು ಹತ್ತಿ ಬಂದು ಒಂದು ಜೆರಾಕ್ಸ್ ಇಲ್ಲ ಅಂತ ವಾಪಸ್ ಹೋಗುವುದು ಒಂದೇ ಕಾಲಿನಲ್ಲಿ ನಿಂತವನಿಗೆ ತುಂಬಾ ದೊಡ್ಡ ಶಿಕ್ಷೆ. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ.

ಹೆಸರಿನ ಅಕ್ಷರ ಈಗಲೇ ನೋಡಿ. ಸೇನೆಯ ದಾಖಲೆಯಲ್ಲಿ ಒಂದು ತರ, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು ತರ, ಹೆಂಡತಿಯ ಹೆಸರು ಮೂರನೆಯ ತರ ಇರುವುದು ನಮ್ಮ ಕಡೆ ಮಾಮೂಲಿ. ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುವುದರಿಂದ ಒಂದು ಅಕ್ಷರ ತಪ್ಪಿದರೂ ನಿಲ್ಲಬಹುದು. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು, ಹತ್ತಿರದ ಸಿಎಸ್‌ಸಿ ಸೆಂಟರಿನಲ್ಲಿ ಬೆರಳಚ್ಚು ಕೊಟ್ಟರೆ ಆಗುತ್ತದೆ. ಕೈಗೆ ಗಾಯವಾಗಿ ಬೆರಳಚ್ಚು ಬಾರದವರಿಗೆ ಮುಖದ ಗುರುತಿನಿಂದಲೂ ಮಾಡುವ ಆ್ಯಪ್ ಇದೆ.

ಚಿಕಿತ್ಸೆಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ, ಇದೆ. 2003ರ ಏಪ್ರಿಲ್‌ನಲ್ಲಿ ಶುರುವಾದದ್ದು, ಹಾಸನದಲ್ಲೇ ಪಾಲಿಕ್ಲಿನಿಕ್ ಇದೆ. ಯುದ್ಧದಲ್ಲಿ ಗಾಯಗೊಂಡು ಬ್ಯಾಟಲ್ ಕ್ಯಾಶುಯಲ್ಟಿ ಆದವರು ಸದಸ್ಯತ್ವದ ವಂತಿಗೆ ಕಟ್ಟಬೇಕಿಲ್ಲ. ನೋಡಿ, ಇಲ್ಲಿಯೂ ಅದೇ ಸಾಲು ಕೆಲಸ ಮಾಡುತ್ತದೆ. ದೊಡ್ಡ ಚಿಕಿತ್ಸೆಗೆ ಪಾಲಿಕ್ಲಿನಿಕ್‌ನಿಂದ ರೆಫರಲ್ ತೆಗೆದುಕೊಂಡು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ತುರ್ತು ಇದ್ದರೆ ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಿ, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ.

ಇಲ್ಲ ಅಂದರೆ

ಅರ್ಜಿ ತಿರಸ್ಕಾರವಾದ ಪತ್ರ ಬಂದರೆ ಹೆದರಬೇಡಿ. ತುಂಬಾ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಪತ್ರ ಕೈಗೆ ಬಂದ ದಿನ ಲಕೋಟೆಯ ಮೇಲೆ ತಾರೀಖು ಬರೆದಿಡಿ. ಆರು ತಿಂಗಳೊಳಗೆ ಮೊದಲ ಅಪೀಲು ಹಾಕಬೇಕು. ಅದೂ ಹೋದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಡಿ ಬಂದದ್ದು, ಕರ್ನಾಟಕದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ.

ಅಪೀಲಿಗೆ ಮುಂಚೆ ಕಾಗದ ಬೇಕು. ಅವನ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ, ಇಂಜುರಿ ರಿಪೋರ್ಟ್, ಕೋರ್ಟ್ ಆಫ್ ಎನ್‌ಕ್ವೈರಿ, ಪಾರ್ಟ್ ಟು ಆರ್ಡರ್ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಅಪೀಲಿನಲ್ಲಿ ಕಥೆ ಉದ್ದ ಬೇಡ. ಯಾವ ತಾರೀಖು, ಯಾವ ಕಾರ್ಯಾಚರಣೆ, ಬೋರ್ಡ್ ಏನು ಬಿಟ್ಟಿದೆ, ಅದಕ್ಕೆ ಯಾವ ದಾಖಲೆ ಲಗತ್ತಿಸಿದ್ದೀರಿ, ಅಷ್ಟೇ.

‘ಸೇವೆಗೆ ಸಂಬಂಧವಿಲ್ಲ’ ಅಂತ ಬರೆದು ಕಾರಣ ಕೊಡದಿದ್ದರೆ, ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅಪೀಲಿನಲ್ಲಿ ಹಾಕಿ. ಸೇನೆಗೆ ಸೇರುವಾಗ ಆ ಕಾಯಿಲೆ ಇತ್ತೆಂದು ದಾಖಲೆಯಲ್ಲಿ ಇಲ್ಲದಿದ್ದರೆ, ಅದು ಸೇವೆಯಿಂದಲೇ ಬಂತು ಅಂತ ಹಿಡಿಯಬೇಕು. ಅಲ್ಲ ಅನ್ನುವುದಾದರೆ ತೋರಿಸಬೇಕಾದವರು ಅವರು, ಸೈನಿಕ ಅಲ್ಲ. ಖಿನ್ನತೆ, ಬಿಪಿ, ಬೆನ್ನುನೋವು ಅಂತ ಮನೆಗೆ ಕಳಿಸಿದವರಿಗೆ ಇದು ದೊಡ್ಡ ಆಸರೆ.

ವಕೀಲರ ಖರ್ಚಿಗೆ ಹೆದರುವವರು ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಹಕ್ಕಿದೆ. ಬಂದ ಹಣದಲ್ಲಿ ಪಾಲು ಕೊಡಿ, ನಾನು ಮಾಡಿಸಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಮನೆಯಲ್ಲಿ

ಸೇನೆಯ ಕೃತಕ ಅಂಗ ಕೇಂದ್ರ ಪುಣೆಯಲ್ಲಿದೆ, 1944ರಿಂದ ನಡೆಯುತ್ತಿದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಪುಣೆಯ ಖಡಕಿಯಲ್ಲಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ. ಕೃತಕ ಕಾಲು ಒಂದು ಸಲ ಹಾಕಿಸಿಕೊಂಡು ಬಂದರೆ ಮುಗಿಯಿತು ಅಂತ ನಾವು ತಿಳಿದಿದ್ದೆವು. ಹಾಗಲ್ಲ. ಮೊದಲ ವರ್ಷ ಉಳಿದ ಕಾಲು ಸಣ್ಣಗಾಗುತ್ತಾ ಹೋಗುತ್ತದೆ, ಸಾಕೆಟ್ ಸಡಿಲವಾಗುತ್ತದೆ, ಉಜ್ಜಿ ಗಾಯವಾಗುತ್ತದೆ. ಆಗ ಬಟ್ಟೆ ಸುತ್ತಿ ಹಾಕಿಕೊಂಡು ಸಹಿಸಬಾರದು, ವಾಪಸ್ ಹೋಗಿ ಸರಿಮಾಡಿಸಬೇಕು.

ನಮ್ಮ ಮಳೆಗಾಲ ಈ ಕಾಲಿಗೆ ಒಳ್ಳೆಯದಲ್ಲ. ಜೂನ್‌ನಿಂದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಲುಚೀಲ ಎಲ್ಲಿ ಒಣಗಬೇಕು. ಆರು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಪ್ರತಿ ರಾತ್ರಿ ಕಾಲನ್ನು ಸೋಪಿನಲ್ಲಿ ತೊಳೆದು, ಒರೆಸಿ, ಗಾಳಿಗೆ ಬಿಡಿ. ಕೆಂಪಗಾಗಿದೆಯಾ ಅಂತ ಕನ್ನಡಿ ಹಿಡಿದು ಅಡಿಭಾಗ ನೋಡಿ. ಗುಳ್ಳೆ ಕಂಡರೆ ಅದು ವಾಸಿಯಾಗುವವರೆಗೆ ಊರುಗೋಲೇ ಸರಿ. ತೋಟದ ಇಳಿಜಾರಿನಲ್ಲಿ, ಆಲೂಗಡ್ಡೆ ಹೊಲದ ಕೆಸರಿನಲ್ಲಿ ಮೊದಲ ವರ್ಷ ಇಳಿಸಬೇಡಿ. ಬಚ್ಚಲಿಗೆ ಕೈಹಿಡಿ ಹಾಕಿಸಿ, ಜಾರುವ ಹಂಡೆ ಒಲೆಯ ಬದಿಗೆ ಒಂದು ಗಟ್ಟಿ ಸ್ಟೂಲ್ ಇಡಿ. ತಮ್ಮ ಬಿದ್ದದ್ದು ಎಲ್ಲ ಸಲವೂ ಬಚ್ಚಲಲ್ಲೇ.

ಇಲ್ಲದ ಪಾದ ನೋಯುತ್ತದೆ ಅಂತ ಅವನು ರಾತ್ರಿ ಎದ್ದು ಕೂರುತ್ತಿದ್ದ. ಅವ್ವನಿಗೆ ಗಾಬರಿ, ಮಾಟ ಮಂತ್ರದವರೆಗೂ ಮಾತು ಹೋಯಿತು. ಇದು ನಿಜವಾದ ನೋವು. ನರ ಮತ್ತು ಮಿದುಳು ಇನ್ನೂ ಆ ಪಾದವನ್ನು ಹುಡುಕುತ್ತಿರುತ್ತವೆ. ಔಷಧಿ ಇದೆ. ಕನ್ನಡಿಯ ಮುಂದೆ ಒಳ್ಳೆಯ ಕಾಲನ್ನು ಆಡಿಸಿ ನೋಡುವ ಒಂದು ಅಭ್ಯಾಸವೂ ಇದೆ, ಅದು ಅವನಿಗೆ ಸ್ವಲ್ಪ ಉಪಯೋಗಕ್ಕೆ ಬಂತು. ಫಿಸಿಯೋಥೆರಪಿಯವರನ್ನು ಕೇಳಿ.

ಹಣ ಬಂದ ಮೇಲೆ ಬರುವ ನೆಂಟರ ಬಗ್ಗೆಯೂ ಹೇಳಬೇಕು. ಇಡಿಗಂಟು ಬಂತು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಸಾಲ ಕೇಳುತ್ತಾರೆ, ಚೀಟಿಗೆ ಕರೆಯುತ್ತಾರೆ. ಮೊದಲ ಒಂದು ವರ್ಷ ಆ ಹಣ ಎಫ್‌ಡಿಯಲ್ಲೇ ಇರಲಿ. ಪಿಂಚಣಿ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಒಳ್ಳೆಯದು.

ನಿದ್ದೆ ಇಲ್ಲ, ಸಣ್ಣದಕ್ಕೆಲ್ಲ ಸಿಟ್ಟು, ಯಾರ ಜೊತೆಯೂ ಮಾತು ಬೇಡ, ಕುಡಿತ ಶುರುವಾಗಿದೆ ಅಂದರೆ ತಡ ಮಾಡಬೇಡಿ. ಟೆಲಿ ಮಾನಸ್‌ಗೆ, 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಅವನ ಹೆಂಡತಿಯೂ ಮಾತಾಡಲಿ, ಅವಳನ್ನು ಯಾರೂ ಕೇಳುವುದೇ ಇಲ್ಲ.

ಸದ್ದಿನ ವಿಷಯ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಇದೆ. ಆಲೂರು, ಸಕಲೇಶಪುರದ ಕಡೆ ಆನೆ ಓಡಿಸಲು ರಾತ್ರಿ ಪಟಾಕಿ ಸಿಡಿಸುತ್ತಾರೆ. ಆ ಕಡೆ ನೆಂಟರ ಮನೆಯಲ್ಲಿ ಉಳಿದಿದ್ದಾಗ ನಡುರಾತ್ರಿ ಒಂದು ಸಿಡಿಯಿತು. ತಮ್ಮ ಮಂಚದಿಂದ ಉರುಳಿ ನೆಲಕ್ಕೆ ಅವುಚಿಕೊಂಡು ಮಲಗಿದ್ದ, ಬೆಳಗಾಗುವವರೆಗೆ ಎದ್ದಿರಲಿಲ್ಲ. ಅಂಥ ಊರಲ್ಲಿ ಇರುವವರು ಅರಣ್ಯ ಇಲಾಖೆಯ ಸಿಬ್ಬಂದಿಗೆ, ಪಕ್ಕದ ತೋಟದವರಿಗೆ ಮೊದಲೇ ಒಂದು ಮಾತು ಹೇಳಿಡಿ, ಆನೆ ಬಂದಾಗ ನಿಮಗೊಂದು ಫೋನ್ ಮಾಡಲಿ. ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಬಂದಾಗ ನಮ್ಮ ಬೀದಿಯ ಮಕ್ಕಳು ಈಗ ಗೇಟಿನ ಹತ್ತಿರ ಬಂದು, ‘ಮಾವ, ಹಚ್ಚುತ್ತಾ ಇದ್ದೀವಿ’ ಅಂತ ಕೂಗಿ ಹೇಳಿ ಆಮೇಲೆ ಹಚ್ಚುತ್ತಾರೆ. ಹೇಳಿ ಹಚ್ಚಿದರೆ ಅವನು ಜಗಲಿಯಲ್ಲಿ ಕೂತು ನೋಡುತ್ತಾನೆ.